ಹಾಸಿಗೆ ಇದ್ದಷ್ಟು ಕಾಲು ಚಾಚಿದವರು

ಕಳೆದ ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ ಮೊಬೈಲಿನಲ್ಲಿ ಏನನ್ನೋ ನೋಡುತ್ತ ಕಿಸಕ್ಕನೆ ನಕ್ಕ. "ಅಜ್ಜಾ, ಇಲ್ನೋಡು! ಈ ತಾತ ಈಸಿಚೇರಲ್ಲಿ ಒರಗಿಕೊಂಡೇ ಸೈಕಲ್ ಹೊಡೀತಿದಾರೆ!"

ಕನ್ನಡಕ ಏರಿಸಿಕೊಂಡು ನೋಡಿದೆ. ನಿಜವೇ. ಬಿಳಿಗಡ್ಡದ ಒಬ್ಬರು ನೆಲದಿಂದ ಒಂದೆರಡು ಗೇಣು ಎತ್ತರದ ಸೀಟಿನಲ್ಲಿ ಬೆನ್ನು ಒರಗಿಸಿ ಕುಳಿತಿದ್ದರು. ಕಾಲುಗಳು ಮುಂದಕ್ಕೆ ಚಾಚಿದ್ದವು, ಪೆಡಲುಗಳೂ ಅಲ್ಲೇ ಮುಂದೆ. ಮುಂಭಾಗದಲ್ಲಿ ಎರಡು ಚಕ್ರ, ಹಿಂದೆ ಒಂದು. ಲಾರಿಯವರಿಗೆ ಕಾಣಲಿ ಎಂದು ಹಿಂದೆ ಉದ್ದನೆಯ ಕಡ್ಡಿಗೆ ಕಿತ್ತಳೆ ಬಣ್ಣದ ಬಾವುಟ.

ಮೊಮ್ಮಗನಿಗೆ ನಗು ಬಂತು, ನನಗೆ ಆಸೆಯಾಯಿತು. ನನಗೆ ಎಪ್ಪತ್ತು ದಾಟಿದೆ. ಬ್ಯಾಂಕಿನ ಶಾಖೆಗೆ ವರ್ಷಗಟ್ಟಲೆ ಸೈಕಲ್ಲಿನಲ್ಲೇ ಹೋಗಿ ಬಂದವನು ನಾನು. ಈಗ ಬಾರ್ ದಾಟಿಸಿ ಕಾಲೆತ್ತಲು ಸೊಂಟ ಒಪ್ಪುವುದಿಲ್ಲ. ಬಿದ್ದರೆ ಏನು ಗತಿ ಎಂಬ ಭಯ ಬೇರೆ. ಈ ಮೂರು ಚಕ್ರದ ಗಾಡಿಯಲ್ಲಾದರೆ ಬೀಳುವ ಮಾತು ಕಡಿಮೆ.

"ಇದನ್ನ ಯಾವ ದೊಡ್ಡ ಕಂಪನಿ ಮಾಡುತ್ತೆ ಅಜ್ಜಾ?" ಎಂದು ಮೊಮ್ಮಗ ಕೇಳಿದ. ಅವನಿಗೆ ಉತ್ತರ ಹೇಳಲು ಹುಡುಕಿ ಓದಲು ಕೂತೆ. ಆಶ್ಚರ್ಯವೆಂದರೆ, ಹೆಚ್ಚಿನವನ್ನು ಮಾಡುವವರು ದೊಡ್ಡ ಕಂಪನಿಯವರಲ್ಲ, ಸಣ್ಣ ಸಣ್ಣ ಕಾರ್ಖಾನೆಯವರು. ಕೆಲವಂತೂ ನಮ್ಮ ವರ್ಕ್‌ಶಾಪುಗಳಷ್ಟೇ ದೊಡ್ಡವು. ಕೊಳ್ಳುವವರು ಇಷ್ಟು ಕಡಿಮೆ ಇರುವಾಗ ತಿಂಗಳ ಕೊನೆಗೆ ಸಂಬಳ ಹೇಗೆ ಕೊಡುತ್ತಾರೆ? ಸಾಲದ ಅರ್ಜಿಗಳನ್ನು ನೋಡಿ ನೋಡಿ ತಲೆ ನರೆತವನಿಗೆ ಈ ಪ್ರಶ್ನೆ ಕಾಡದೆ ಬಿಡಲಿಲ್ಲ.

ಅಮ್ಮನ ಭಯದಿಂದ ಹುಟ್ಟಿದ ಗಾಡಿ

ಇಂಗ್ಲಿಷಿನಲ್ಲಿ ಇದಕ್ಕೆ ರಿಕಂಬೆಂಟ್ ಸೈಕಲ್ ಎನ್ನುತ್ತಾರೆ. ನಾವು ಸದ್ಯಕ್ಕೆ 'ಒರಗು ಸೈಕಲ್' ಎನ್ನೋಣ.

ಫ್ರಾನ್ಸ್ ದೇಶದಲ್ಲಿ ಶಾರ್ಲ್ ಮೋಶೆ ಎಂಬವರಿದ್ದರು. ಪುಟ್ಟ ಕಾರುಗಳನ್ನು ತಯಾರಿಸುವುದು ಅವರ ಕಸುಬು. ಮಗ ಜಾರ್ಜ್‌ಗೆ ಸೈಕಲ್ ಬೇಕು. ರಸ್ತೆಯಲ್ಲಿ ಸೈಕಲ್ ಅಪಾಯ, ಬೇಡವೇ ಬೇಡ ಎಂದರು ಅಮ್ಮ. ಅಪ್ಪ ನಡುವಿನ ದಾರಿ ಹುಡುಕಿದರು. ನಾಲ್ಕು ಚಕ್ರವಿದ್ದು, ಪೆಡಲು ತುಳಿದು ಓಡಿಸುವ ಪುಟ್ಟ ಗಾಡಿಯೊಂದನ್ನು ಮಗನಿಗೆ ಮಾಡಿಕೊಟ್ಟರು. ಹುಡುಗನ ಗಾಡಿ ಬೀದಿಯಲ್ಲಿ ಸೈಕಲ್ಲುಗಳನ್ನು ಹಿಂದೆ ಹಾಕಿತು. ದೊಡ್ಡವರೂ ನಮಗೂ ಬೇಕು ಎಂದರು. ಹೀಗೆ 'ವೆಲೋಕಾರ್' ಹುಟ್ಟಿತು.

ಆಮೇಲೆ ಮೋಶೆ ಅದನ್ನು ಉದ್ದಕ್ಕೆ ಸೀಳಿದಂತೆ ಮಾಡಿ ಎರಡು ಚಕ್ರದ ಒರಗು ಸೈಕಲ್ ಕಟ್ಟಿದರು. 1933ರ ಜುಲೈ 7ರಂದು ಫ್ರಾನ್ಸಿಸ್ ಫೋರ್ ಎಂಬ ಸವಾರ ಅದನ್ನು ಏರಿ ಪ್ಯಾರಿಸ್ಸಿನ ಸೈಕಲ್ ಪಂದ್ಯದ ಅಂಕಣದಲ್ಲಿ ಒಂದು ಗಂಟೆಯಲ್ಲಿ 45.055 ಕಿ.ಮೀ. ಕ್ರಮಿಸಿದ. ಅದಕ್ಕೆ ಮುಂಚಿನ ದಾಖಲೆ ಆಸ್ಕರ್ ಎಗ್ ಎಂಬಾತನದು, 44.247 ಕಿ.ಮೀ. 1914ರಿಂದ ಹತ್ತೊಂಬತ್ತು ವರ್ಷ ಅಲುಗಾಡದೆ ನಿಂತಿತ್ತು. ಅದನ್ನು ಮುರಿದ ಫೋರ್ ಮೊದಲ ಸಾಲಿನ ಸವಾರನೇನಲ್ಲ, ಎರಡನೇ ದರ್ಜೆಯವನು.

ಇದರಿಂದ ಗದ್ದಲವೆದ್ದಿತು. ಗೆದ್ದದ್ದು ಮನುಷ್ಯನೋ ಗಾಡಿಯೋ? ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ 1934ರಲ್ಲಿ ಸೈಕಲ್ ಎಂದರೆ ಹೀಗೆಯೇ ಇರಬೇಕು ಎಂದು ಅಳತೆ ನಿಗದಿ ಮಾಡಿ, ಒರಗು ಸೈಕಲ್ಲನ್ನು ಪಂದ್ಯಗಳಿಂದ ಹೊರಗಿಟ್ಟಿತು. ಅದೇ ವರ್ಷ ಶಾರ್ಲ್ ಮೋಶೆ ತೀರಿಕೊಂಡರು.

ಪಂದ್ಯವಿಲ್ಲ ಎಂದರೆ ಪತ್ರಿಕೆಯಲ್ಲಿ ಫೋಟೊ ಇಲ್ಲ. ಫೋಟೊ ಇಲ್ಲದಿದ್ದರೆ ಅಂಗಡಿಯಲ್ಲಿ ಕೇಳುವವರಿಲ್ಲ. ದೊಡ್ಡ ಕಾರ್ಖಾನೆಗಳು ಅತ್ತ ತಿರುಗಿ ನೋಡಲಿಲ್ಲ. ಒಂದು ಹಾಳೆಯ ನಿಯಮ ಒಂದು ಇಡೀ ಕಸುಬನ್ನು ಮೂಲೆಗೆ ತಳ್ಳಿತು.

ಬೆನ್ನಿಗೆ ಸುಖ, ಏರಿಗೆ ಕಷ್ಟ

ಇದು ಯಾಕೆ ವೇಗವಾಗಿ ಹೋಗುತ್ತದೆ? ಸೈಕಲ್ ತುಳಿಯುವಾಗ ಎದುರುಗಾಳಿ ಎದೆಗೆ ಬಡಿಯುವುದು ನಿಮಗೆ ಗೊತ್ತಲ್ಲ. ಸಮತಟ್ಟಾದ ರಸ್ತೆಯಲ್ಲಿ ವೇಗ ಹೆಚ್ಚಿದಂತೆ ನಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಖರ್ಚು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟರಷ್ಟು! ಒರಗಿ ಕೂತವನ ಎದೆ ಗಾಳಿಗೆ ಅಡ್ಡ ನಿಲ್ಲುವುದಿಲ್ಲ. ಕಾಲು ಮುಂದೆ, ಮೈ ಹಿಂದೆ, ದೋಣಿ ನೀರು ಸೀಳಿದ ಹಾಗೆ. ಮೈ ತುಂಬ ಚಿಪ್ಪು ಮುಚ್ಚಿದ ಇಂಥದೇ ಯಂತ್ರದಲ್ಲಿ 2016ರಲ್ಲಿ ಕೆನಡಾದ ಟಾಡ್ ರೈಕರ್ಟ್ ಅಮೆರಿಕದ ನೆವಾಡಾದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 144.17 ಕಿ.ಮೀ. ವೇಗ ಮುಟ್ಟಿದ. ಎಂಜಿನ್ ಇಲ್ಲ, ಬರೀ ಕಾಲಿನ ಬಲ!

ಇದರಲ್ಲಿ ದೋಷಗಳೂ ಇವೆ. ಏರು ಬಂದಾಗ ನಾವು ಸೀಟು ಬಿಟ್ಟು ನಿಂತು ತುಳಿಯುತ್ತೇವಲ್ಲ, ಅದು ಇಲ್ಲಿ ಆಗದು. ತೂಕ ಹೆಚ್ಚು. ಮೂರು ಚಕ್ರದ್ದಕ್ಕೆ ಸಾಮಾನ್ಯ ಸೈಕಲ್ಲಿನ ಎರಡೂವರೆ, ಮೂರು ಚೈನು ಜೋಡಿಸಿದಷ್ಟು ಉದ್ದದ ಚೈನು ಬೇಕು. ಮನೆಯ ಬಾಗಿಲಲ್ಲಿ ತೂರಿಸುವುದೂ ಕಷ್ಟ. ಮುಂದೆ ದಪ್ಪ, ಹಿಂದೆ ಸಣ್ಣ ಇರುವುದರಿಂದ ಈ ಮೂರು ಚಕ್ರದ ಗಾಡಿಗೆ ಅಲ್ಲಿಯವರು 'ಗೊದಮೊಟ್ಟೆ' ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ.

ಹತ್ತು ಲಕ್ಷದ ಲೆಕ್ಕ

ಈಗ ಮಕ್ಕಳು ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಸಣ್ಣ ಕಾರ್ಖಾನೆಗೆ ಬಾಡಿಗೆ, ಕರೆಂಟು, ಸಂಬಳ ಎಲ್ಲ ಸೇರಿ ವರ್ಷಕ್ಕೆ 10 ಲಕ್ಷ ರೂಪಾಯಿ ಖರ್ಚು ಎಂದು ಇಟ್ಟುಕೊಳ್ಳಿ. ಇದು ಉದಾಹರಣೆಗೆ ಮಾತ್ರ. ವರ್ಷಕ್ಕೆ 10 ಸಾವಿರ ಸೈಕಲ್ ಮಾರಿದರೆ ಒಂದರ ಮೇಲೆ ಬೀಳುವ ಖರ್ಚು 100 ರೂಪಾಯಿ. ನೂರೇ ಸೈಕಲ್ ಮಾರಿದರೆ 10 ಸಾವಿರ. ಬರೀ ಹತ್ತು ಮಾರಿದರೆ ಒಂದೊಂದಕ್ಕೂ ಒಂದು ಲಕ್ಷ! ಕಬ್ಬಿಣ, ಚಕ್ರ, ಚೈನಿನ ದುಡ್ಡು ಇನ್ನೂ ಸೇರಿಲ್ಲ.

ಒರಗು ಸೈಕಲ್ ದುಬಾರಿ ಯಾಕೆ ಎಂಬುದಕ್ಕೆ ಇದೇ ಉತ್ತರ. ಅಮೆರಿಕದಲ್ಲಿ ಒಳ್ಳೆಯ ಮೂರು ಚಕ್ರದ ಗಾಡಿಗೆ ಮೂರು ಸಾವಿರ ಡಾಲರಿಗೂ ಮೇಲೆ ಬೆಲೆ ಇರುವುದು ಸಾಮಾನ್ಯ. ನಮ್ಮ ಲೆಕ್ಕದಲ್ಲಿ ಎರಡೂವರೆ ಲಕ್ಷ ರೂಪಾಯಿ ದಾಟುತ್ತದೆ.

ಆದ್ದರಿಂದ ಬೆಲೆ ಇಳಿಸಿ ದೊಡ್ಡವರ ಜೊತೆ ಜಿದ್ದಿಗೆ ಬಿದ್ದರೆ ಸಣ್ಣವನು ಮುಳುಗಿದ ಹಾಗೆಯೇ. ಉಳಿದುಕೊಂಡವರು ಆ ಜಿದ್ದಿಗೆ ಹೋಗಲೇ ಇಲ್ಲ. ಅವರು ಮಾಡಿದ್ದು ಮುಖ್ಯವಾಗಿ ಎರಡು ಕೆಲಸ.

ಒಂದು, ಎಲ್ಲವನ್ನೂ ತಾವೇ ಮಾಡಲು ಹೊರಡಲಿಲ್ಲ. ಫ್ರೇಮು, ಸೀಟು, ಹ್ಯಾಂಡಲ್ಲಿನ ಜೋಡಣೆ ಇಷ್ಟು ಮಾತ್ರ ಅವರದು. ಗೇರು, ಬ್ರೇಕು, ಚೈನು, ಟೈರು ಎಲ್ಲವೂ ಸಾಮಾನ್ಯ ಸೈಕಲ್ಲಿಗೆ ಸಿಗುವಂಥವೇ. ಮುಂದಿನ ಚಕ್ರ ಹೆಚ್ಚಾಗಿ 20 ಇಂಚಿನದು, ಮಕ್ಕಳ ಸೈಕಲ್ಲಿನ ಅಳತೆ. ಊರಿಂದ ಊರಿಗೆ ಹೋಗುವಾಗ ಟ್ಯೂಬು ಒಡೆದರೆ ಯಾವ ಅಂಗಡಿಯಲ್ಲಾದರೂ ಸಿಕ್ಕೀತು.

ಎರಡು, ಮೊದಲು ಆರ್ಡರು, ಆಮೇಲೆ ತಯಾರಿ. ಗಿರಾಕಿ ತನ್ನ ಕಾಲಿನ ಉದ್ದ, ಬೇಕಾದ ಬಣ್ಣ, ಗೇರು ಎಲ್ಲ ಹೇಳಿ ಮುಂಗಡ ಕೊಡುತ್ತಾನೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತಾನೆ. ಮಾರಾಟವಾಗದ ಸರಕು ಗೋದಾಮಿನಲ್ಲಿ ಧೂಳು ತಿನ್ನುವುದಿಲ್ಲ. ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ, ದಾಸ್ತಾನು ಎಂದರೆ ಮಲಗಿದ ದುಡ್ಡು, ಅದಕ್ಕೂ ಬಡ್ಡಿ ಓಡುತ್ತದೆ. ಇಲ್ಲಿ ಮಲಗುವುದು ಸವಾರ ಮಾತ್ರ, ದುಡ್ಡಲ್ಲ!

ಪಂದ್ಯವೇ ಜಾಹೀರಾತು

ಆದರೆ ಜನಕ್ಕೆ ಗೊತ್ತಾಗುವುದು ಹೇಗೆ? ಟೀವಿಯಲ್ಲಿ ಜಾಹೀರಾತು ಕೊಡಲು ಇವರಲ್ಲಿ ಹಣವಿಲ್ಲ.

1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಉತ್ಸಾಹಿಗಳು, ಮನುಷ್ಯನ ಬಲದಿಂದ ಓಡುವ ಯಾವ ಆಕಾರದ ವಾಹನಕ್ಕೂ ಜಾಗವಿರುವ ಬೇರೊಂದು ಸಂಘವನ್ನೇ ಕಟ್ಟಿಕೊಂಡರು. ಹಳೆಯ ನಿಯಮದವರು ಒಳಗೆ ಬಿಡದಿದ್ದರೆ ನಮ್ಮದೇ ಪಂದ್ಯ ನಡೆಸೋಣ ಎಂಬ ಛಲ. ಅಲ್ಲಿಯ ಗಾರ್ಡ್‌ನರ್ ಮಾರ್ಟಿನ್ 'ಈಸಿ ರೇಸರ್ಸ್' ಎಂಬ ಚಿಕ್ಕ ಕಾರ್ಖಾನೆ ನಡೆಸುತ್ತಿದ್ದರು. ಅವರು ಕಟ್ಟಿದ 'ಗೋಲ್ಡ್ ರಶ್' ಮೇಲೆ ಕುಳಿತು ಫ್ರೆಡ್ ಮಾರ್ಕಮ್ 1986ರಲ್ಲಿ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿ.ಮೀ. ವೇಗ ದಾಟಿ ಡುಪಾಂಟ್ ಬಹುಮಾನ ಗೆದ್ದ. ಸುದ್ದಿ ಎಲ್ಲ ಕಡೆ ಹಬ್ಬಿತು. ಮಾರ್ಟಿನ್ ಸಾಮಾನ್ಯ ಜನರಿಗೆ ಮಾರುತ್ತಿದ್ದದ್ದು ಆ ಚಿಪ್ಪಿನ ಯಂತ್ರವನ್ನಲ್ಲ, ಪೇಟೆಗೆ ಹೋಗಿ ಬರಬಹುದಾದ 'ಟೂರ್ ಈಸಿ' ಎಂಬ ಸಾದಾ ಗಾಡಿಯನ್ನು. ಪಂದ್ಯ ಅದರ ಜಾಹೀರಾತಾಯಿತು.

ಇನ್ನೊಂದು ಉದಾಹರಣೆ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯದು. ಅಲ್ಲಿನ 'ಐಸ್' ಎಂಬ ಕಾರ್ಖಾನೆ ಮೂರು ಚಕ್ರದ ಒರಗು ಸೈಕಲ್ಲುಗಳನ್ನು ಮಾಡುತ್ತದೆ. 2013ರ ಡಿಸೆಂಬರಿನಲ್ಲಿ ಮರಿಯಾ ಲೇಯರ್‌ಸ್ಟಾಮ್ ಎಂಬ ಮಹಿಳೆ ಅವರು ಕಟ್ಟಿಕೊಟ್ಟ ದಪ್ಪ ಟೈರಿನ ಗಾಡಿಯಲ್ಲಿ ಅಂಟಾರ್ಕ್ಟಿಕಾದ ಅಂಚಿನಿಂದ ದಕ್ಷಿಣ ಧ್ರುವದ ತನಕ ತುಳಿದರು. ಹಿಡಿದದ್ದು ಸುಮಾರು ಹತ್ತು ದಿನ. ಅದೇ ಹೊತ್ತಿನಲ್ಲಿ ಬೇರೆಯವರು ಎರಡು ಚಕ್ರದ ಸೈಕಲ್ಲುಗಳಲ್ಲಿ ಬೇರೆ ದಾರಿಯಿಂದ ಹೊರಟಿದ್ದರು. ಮೊದಲು ತಲುಪಿದ್ದು ಮರಿಯಾ. ಹಿಮದ ಬಿರುಗಾಳಿಯಲ್ಲಿ ಎರಡು ಚಕ್ರ ಓಲಾಡುತ್ತದೆ, ಮೂರು ಚಕ್ರ ನಿಂತಲ್ಲೇ ನಿಲ್ಲುತ್ತದೆ. ಸಣ್ಣ ಕಾರ್ಖಾನೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ?

ಗಿರಾಕಿಯೂ ಕೈ ಜೋಡಿಸಿದಾಗ

ನೆದರ್ಲೆಂಡ್ಸ್‌ನಲ್ಲಿ ಡ್ರೋಂಟನ್ ಎಂಬ ಪುಟ್ಟ ಊರಿದೆ. ಅದರ ನೆಲ ಒಂದು ಕಾಲಕ್ಕೆ ನೀರಿನ ತಳ. ಒಡ್ಡು ಕಟ್ಟಿ ನೀರು ಹೊರಹಾಕಿ ಮಾಡಿದ ಭೂಮಿ. ಸಪಾಟು ನೆಲ, ಬಿಡದ ಗಾಳಿ, ಮಳೆ. ಅಂಥಲ್ಲಿ ಮೈ ಮುಚ್ಚುವ ಒರಗು ಸೈಕಲ್ಲೇ ಸರಿ. ಅಲ್ಲಿನ 'ಫ್ಲೆವೋಬೈಕ್' ಕಾರ್ಖಾನೆ 1990ರ ದಶಕದಲ್ಲಿ 'ಅಲೆವೆಡರ್' ಎಂಬ ಗಾಡಿ ತಂದಿತು. ಹೆಸರಿನ ಅರ್ಥ 'ಎಲ್ಲ ಹವೆಗೂ' ಎಂದು. ವಿಮಾನದ ಮೈಯಂತೆ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿದ ಚಿಪ್ಪು. ಕೂಲಿಯ ಖರ್ಚು ಹೆಚ್ಚಾಗುತ್ತದಲ್ಲ, ಅದಕ್ಕೆ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ಕೊಟ್ಟು, ಮನೆಯಲ್ಲೇ ಜೋಡಿಸಿಕೊಳ್ಳಿ ಎಂದರು. ಗಿರಾಕಿಗೆ ದುಡ್ಡು ಉಳಿಯಿತು, ಕಾರ್ಖಾನೆಗೆ ಕೆಲಸದ ಭಾರ ಇಳಿಯಿತು. ಕೈಯಾರೆ ಜೋಡಿಸಿದವನಿಗೆ ರಿಪೇರಿಯೂ ಬರುತ್ತದೆ. ಆ ಕಾರ್ಖಾನೆಯಲ್ಲಿ ಕೆಲಸ ಕಲಿತವರು ಮುಂದೆ ಅದೇ ಊರಿನಲ್ಲಿ ಇಂಥದೇ ಇನ್ನೊಂದು ಕಾರ್ಖಾನೆ ತೆರೆದರು. ನೇಕಾರರ ಕೇರಿಯಲ್ಲಿ ಮಗ್ಗಗಳು ಹೆಚ್ಚುವ ಹಾಗೆ.

ಇಬ್ಬರು ಹುಡುಗರ ಕಂಪನಿ

ಜರ್ಮನಿಯ ಕಥೆ ಶಾಲಾ ಮಕ್ಕಳು ಓದಲೇಬೇಕಾದದ್ದು. ಪಾಲ್ ಹೋಲಾಂಟ್ಸ್ ಮತ್ತು ಡಾನಿಯಲ್ ಪುಲ್ವರ್‌ಮ್ಯೂಲರ್ ಎಂಬ ಇಬ್ಬರು ಗೆಳೆಯರು, ಚಿಕ್ಕ ವಯಸ್ಸಿನವರ ವಿಜ್ಞಾನ ಸ್ಪರ್ಧೆಯೊಂದಕ್ಕೆ ಮಳೆ ತಾಗದ ಪೆಡಲು ಗಾಡಿ ಕಟ್ಟಿ ಬಹುಮಾನ ಪಡೆದರು. 1993ರಲ್ಲಿ, ಎಂಜಿನಿಯರಿಂಗ್ ಓದುವ ದಿನಗಳಲ್ಲೇ, 'ಎಚ್‌ಪಿ ವೆಲೋಟೆಕ್ನಿಕ್' ಎಂಬ ಕಂಪನಿ ತೆರೆದರು. ಫ್ರಾಂಕ್‌ಫರ್ಟ್ ಬಳಿಯ ಕ್ರಿಫ್ಟೆಲ್ ಎಂಬಲ್ಲಿ ಈಗಲೂ ಗಿರಾಕಿಯ ಬೇಡಿಕೆ ನೋಡಿ ಒಂದೊಂದೇ ಗಾಡಿ ಜೋಡಿಸುತ್ತಾರೆ.

ಮೊದಮೊದಲು ಒರಗು ಸೈಕಲ್ಲನ್ನು ಕೊಳ್ಳುತ್ತಿದ್ದವರಲ್ಲಿ ವೇಗದ ಹುಚ್ಚಿನವರು, ದೂರ ಪ್ರಯಾಣದವರು ಹೆಚ್ಚು. ಮೂರು ಚಕ್ರದ್ದು ಬಂದ ಮೇಲೆ ಇನ್ನೊಂದು ಬಗೆಯ ಗಿರಾಕಿ ಬಾಗಿಲಿಗೆ ಬಂದ. ಮಂಡಿ ನೋವಿನ ಅಜ್ಜಿ, ಬೆನ್ನುಹುರಿಯ ತೊಂದರೆಯವರು, ಪಾರ್ಶ್ವವಾಯು ಬಡಿದು ಒಂದು ಕೈ ಸ್ವಾಧೀನ ತಪ್ಪಿದವರು. ಅವರಿಗಾಗಿ ಸೀಟು ಎತ್ತರಿಸಿದರು. ಏಳುವಾಗ ಹಿಡಿದುಕೊಳ್ಳಲು ಹಿಡಿಕೆ ಇಟ್ಟರು. ಊರುಗೋಲು ಸಿಕ್ಕಿಸಲು ಕೊಕ್ಕೆ, ಪಾದ ಜಾರದಂತೆ ಪೆಡಲಿಗೆ ಆಸರೆ, ಒಂದೇ ಕೈಯಲ್ಲಿ ಎಲ್ಲ ಬ್ರೇಕು ಹಿಡಿಯುವ ವ್ಯವಸ್ಥೆ ಮಾಡಿದರು. ಲಕ್ಷಗಟ್ಟಲೆ ತಯಾರಿಸುವವರು ಇಂಥ ಒಬ್ಬೊಬ್ಬರ ಅಳತೆ ತೆಗೆಯುತ್ತ ಕೂರಲಾರರು. ಸಣ್ಣವನು ಕೂರಬಲ್ಲ. ಅಲ್ಲಿಯೇ ಅವನ ಅನ್ನವಿದೆ. ನಮ್ಮೂರಲ್ಲಿ ರೆಡಿಮೇಡ್ ಅಂಗಡಿಗಳು ಎಷ್ಟು ಬಂದರೂ ರವಿಕೆ ಹೊಲಿಯುವ ಟೈಲರ್ ಉಳಿದಿಲ್ಲವೇ, ಹಾಗೆ.

ಇವರಿಗೆಲ್ಲ ಒಂದು ಜಾತ್ರೆಯೂ ಇದೆ. ಜರ್ಮನಿಯ ಗೆರ್ಮರ್ಸ್‌ಹೈಮ್ ಎಂಬ ಊರಿನಲ್ಲಿ 1996ರಿಂದ 'ಸ್ಪೆಟ್ಸಿ' ಎಂಬ ವಿಶೇಷ ಸೈಕಲ್ಲುಗಳ ಮೇಳ ನಡೆಯುತ್ತಿತ್ತು. 2023ರಿಂದ ಅದು ಲೌಖ್‌ರಿಂಗನ್ ಎಂಬಲ್ಲಿಗೆ ಹೋಗಿದೆ. ಮೇಳದಲ್ಲಿ ಬಂದವರು ಕುಳಿತು ತುಳಿದು ನೋಡಬಹುದು. ಒರಗು ಸೈಕಲ್ಲನ್ನು ಬಾಯಲ್ಲಿ ಹೇಳಿ ಮಾರಲಾಗದು. ಕೂತವರು ಏಳುವಾಗ ಮುಖದಲ್ಲಿ ನಗು ಬಂದರೆ ಅರ್ಧ ವ್ಯಾಪಾರ ಆದಂತೆ.

ಕಾಲು ಹೆಚ್ಚು ಚಾಚಿದರೆ

ಎಲ್ಲರೂ ಉಳಿಯಲಿಲ್ಲ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 'ಬೈಕ್‌ಇ' ಎಂಬ ಕಂಪನಿ 1990ರ ದಶಕದಲ್ಲಿ ಸುಲಭ ಬೆಲೆಯ ಒರಗು ಸೈಕಲ್ ಮಾಡಿ ಬಹಳ ಬೇಗ ಬೆಳೆಯಿತು. ಆ ದೇಶದ ಈ ವ್ಯಾಪಾರದಲ್ಲಿ ಅದೇ ದೊಡ್ಡದು ಎನ್ನುವ ಮಟ್ಟ ಮುಟ್ಟಿತು. ಆಮೇಲೆ ಭಾಗವೊಂದರ ದೋಷಕ್ಕಾಗಿ ಮಾರಿದ ಗಾಡಿಗಳನ್ನು ವಾಪಸ್ ಕರೆಸಬೇಕಾಗಿ ಬಂತು. 2002ರಲ್ಲಿ ಬಾಗಿಲು ಮುಚ್ಚಿತು. ನೂರು ಗಾಡಿ ಮಾರಿದವನ ತಪ್ಪು ನೂರು ಮನೆಯದು. ಸಾವಿರಗಟ್ಟಲೆ ಮಾರಿದವನ ತಪ್ಪು ಸಾವಿರಾರು ಮನೆಯದು. ಟ್ರೆಕ್, ಕ್ಯಾನನ್‌ಡೇಲ್‌ನಂಥ ದೊಡ್ಡ ಕಂಪನಿಗಳೂ ಒಂದೊಂದು ಒರಗು ಸೈಕಲ್ ತಂದು ಕೆಲವೇ ವರ್ಷಗಳಲ್ಲಿ ಕೈಬಿಟ್ಟವು. ಆನೆಗೆ ಸಾಲದ ಹುಲ್ಲು ಮೊಲಕ್ಕೆ ವರ್ಷದ ಮೇವು.

ನಮ್ಮ ಶಾಖೆಯ ಇಬ್ಬರು ಗ್ರಾಹಕರು ನೆನಪಾಗುತ್ತಾರೆ. ಒಬ್ಬರು ಪಂಪಿನ ಬಿಡಿಭಾಗ ಮಾಡುತ್ತಿದ್ದರು. ದೊಡ್ಡದೊಂದು ಆರ್ಡರ್ ಬಂತೆಂದು ಸಾಲ ಮಾಡಿ ಹೊಸ ಶೆಡ್ಡು ಕಟ್ಟಿಸಿದರು, ಹೊಸ ಲೇತು ತಂದರು. ಮರುವರ್ಷ ಆ ಆರ್ಡರ್ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ. ಆ ಕಡತವನ್ನು ವಸೂಲಿ ವಿಭಾಗಕ್ಕೆ ಕಳಿಸಿದ ದಿನ ನನಗೆ ಊಟ ಸೇರಲಿಲ್ಲ. ಅದಕ್ಕೆ ಮೊದಲು ಸಾಲದ ಅರ್ಜಿ ತುಂಬಲು ಅವರಿಗೆ ನೆರವಾದವನೂ ನಾನೇ. ಇನ್ನೊಬ್ಬರು ಹಿತ್ತಾಳೆಯ ಚಕ್ಕುಲಿ ಒರಳು ಮಾಡುವವರು. ಮುಂಗಡ ಕೊಟ್ಟವರಿಗೆ ಮಾತ್ರ ಮಾಡುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಕೊಂಡವರು ಬಿಲ್ಲೆ ಸವೆಯಿತೆಂದು ಬಂದರೂ ಮಾಡಿಕೊಡುತ್ತಿದ್ದರು. ಮ್ಯಾನೇಜರು ತಾವೇ ಕರೆದು ಸಾಲ ಕೊಡುತ್ತೇನೆ ಎಂದರೂ ನಕ್ಕು ಕೈಮುಗಿದರು. ಆಗ ಅವರಿಗೆ ಧೈರ್ಯ ಸಾಲದು ಎಂದುಕೊಂಡಿದ್ದೆ. ಕ್ರಿಫ್ಟೆಲ್, ಡ್ರೋಂಟನ್ನಿನ ಕಥೆ ಓದಿದ ಮೇಲೆ ಅದು ಹೆದರಿಕೆಯಲ್ಲ, ಲೆಕ್ಕ ಎಂದು ಅರ್ಥವಾಯಿತು.

ಹಾಗೆಂದು ಇವರ ದಾರಿ ಸಲೀಸೇನಲ್ಲ. ಕೊರೊನಾ ಕಾಲದಲ್ಲಿ ಸೈಕಲ್ಲಿಗೆ ಬೇಡಿಕೆ ಏರಿತು, ಗೇರು ಬ್ರೇಕುಗಳೇ ಸಿಗದೆ ಹೋದವು. ಪರರ ಭಾಗಗಳನ್ನು ನಂಬಿದವನಿಗೆ ಆ ಕಷ್ಟ ತಪ್ಪಿದ್ದಲ್ಲ. ಈಗ ಸಾಮಾನ್ಯ ಸೈಕಲ್ಲಿಗೂ ಬ್ಯಾಟರಿ ಮೋಟರ್ ಬಂದಿದೆ. ಬರೀ ವೇಗ ಬೇಕಾದವನು ಒರಗು ಸೈಕಲ್ ಹುಡುಕಿ ಬರುವುದಿಲ್ಲ. ಆದರೆ ಅದೇ ಮೋಟರನ್ನು ಮೂರು ಚಕ್ರದ ಗಾಡಿಗೂ ಕೂಡಿಸಿದ್ದಾರೆ. ಏರು ಹತ್ತಲಾಗದು ಎಂಬ ಹಳೆಯ ದೂರು ಅದರಿಂದ ಕಡಿಮೆಯಾಯಿತು.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ನಮ್ಮಜ್ಜಿ ಹೇಳುತ್ತಿದ್ದರು. ಬಡವರನ್ನು ಸುಮ್ಮನಿರಿಸುವ ಮಾತು ಅದು ಎಂದು ಬಿ.ಕಾಂ. ಓದುವಾಗ ವಾದ ಮಾಡಿದ್ದೆ. ಹಾಸಿಗೆಯ ಅಳತೆ ಗೊತ್ತಿದ್ದವನಿಗೆ ಕಾಲನ್ನು ಪೂರ್ತಿ ಚಾಚುವ ಧೈರ್ಯವೂ ಬರುತ್ತದೆ ಎಂಬುದು ಈಗ ತಿಳಿಯುತ್ತಿದೆ.

ಇಷ್ಟೆಲ್ಲ ಹೇಳಿ ಮುಗಿಸಿದಾಗ ಮೊಮ್ಮಗ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿದ್ದ. ಮೂರು ಚಕ್ರ, ಒಂದು ಈಸಿಚೇರು, ಹಿಂದೆ ಬಾವುಟ. "ಅಜ್ಜಾ, ದೊಡ್ಡವನಾದ ಮೇಲೆ ಸಾವಿರ ಗಾಡಿ ಮಾಡ್ತೀನಿ" ಎಂದ.

"ಸಾವಿರ ಆಮೇಲೆ ಮಾಡುವೆಯಂತೆ. ಮೊದಲು ಒಂದು ಮಾಡು, ನನ್ನ ಅಳತೆಗೆ" ಎಂದೆ.

ಅವನು ಟೇಪು ತಂದು ನನ್ನ ಸೊಂಟದಿಂದ ಹಿಮ್ಮಡಿಯ ತನಕ ಅಳೆದು ಬರೆದುಕೊಂಡ. ನಾನು ನೂರು ರೂಪಾಯಿ ಮುಂಗಡ ಕೊಟ್ಟೆ. ರಶೀದಿ ಕೇಳಿ ಪಡೆದೆ. ಆರ್ಡರ್ ನಂಬರ್ 1 ಎಂದಿದೆ. ಪಾಸ್‌ಬುಕ್ಕಿನೊಳಗೆ ಜೋಪಾನವಾಗಿ ಇಟ್ಟಿದ್ದೇನೆ.